ಹಣ್ಣಿನ ರಸ: ಮೂಗಿಗೆ ಸಿಗದ ಅಪಾಯ

ಹೊರಗಿಟ್ಟ ದ್ರಾಕ್ಷಿ ರಸ ಮರುದಿನ ನೊರೆಗಟ್ಟುವುದೇಕೆ? ಸಿಪ್ಪೆಯ ಮೇಲಿನ ಯೀಸ್ಟ್ ಎಂಬ ಸೂಕ್ಷ್ಮಜೀವಿ ಸಕ್ಕರೆಯನ್ನು ಮದ್ಯಸಾರವಾಗಿಸುತ್ತದೆ. ಹುಳಿಯುವುದು ಜೀವಾಣುಗಳಿಂದ ಎಂದು ತೋರಿಸಿದವನು ಫ್ರಾನ್ಸಿನ ಲೂಯಿ ಪಾಶ್ಚರ್. ಬಿಸಿ ಮಾಡಿ ಅವನ್ನು ಕೊಲ್ಲುವ ಆತನ ವಿಧಾನದಿಂದಲೇ ಅಮೆರಿಕದ ದಂತವೈದ್ಯ ಥಾಮಸ್ ವೆಲ್ಚ್ 1869ರಲ್ಲಿ ಚರ್ಚಿನ ಪೂಜೆಗೆ ಮದ್ಯವಾಗದ ದ್ರಾಕ್ಷಿ ರಸ ತಯಾರಿಸಿದ.

ಮನೆಯಲ್ಲಿ ಹಿಂಡಿದ ರಸಕ್ಕೆ ಈ ರಕ್ಷಣೆಯಿಲ್ಲ. ಹಣ್ಣು ತೊಳೆದು, ಶುಚಿಯಾದ ಬಾಟಲಿಗೆ ತುಂಬಿ, ಮುಚ್ಚಿ ಕೂಡಲೇ ಫ್ರಿಜ್ಜಿನಲ್ಲಿಟ್ಟರೆ ಒಂದೆರಡು ದಿನ ತಡೆದೀತು. ತಳದಲ್ಲಿ ತಿರುಳು ಕುಳಿತರೆ ಚಿಂತೆಯಿಲ್ಲ. ಗುಳ್ಳೆ, ಹುಳಿ ವಾಸನೆ, ಉಬ್ಬಿದ ಮುಚ್ಚಳ ಕಂಡರೆ ಚೆಲ್ಲಿಬಿಡಿ.

ಆದರೆ ರೋಗಾಣುಗಳು ವಾಸನೆಯಿಂದ ಪತ್ತೆಯಾಗುವುದಿಲ್ಲ. 1996ರಲ್ಲಿ ಅಮೆರಿಕದಲ್ಲಿ ಬಿಸಿ ಮಾಡದ ಸೇಬಿನ ರಸದಲ್ಲಿದ್ದ ಈ. ಕೋಲಿ ಬ್ಯಾಕ್ಟೀರಿಯಾ ಮಗುವೊಂದನ್ನು ಬಲಿ ತೆಗೆದುಕೊಂಡಿತು. ಮಕ್ಕಳಿಗೆ ಬಿಸಿ ಮಾಡಿ ರೋಗಾಣು ಕೊಂದ ರಸವೇ ಲೇಸು.