ಪಂಜು ಆರಿಸುವ ಬಾಣ

ಕಾವಲುಗಾರನ ಪಕ್ಕದಲ್ಲೇ ಪಂಜು ಉರೀತಿದೆ. ನೀವು ಬಾಣ ಬಿಡಬೇಕಾಗಿರೋದು ಪಂಜಿಗೆ!

1998ರಲ್ಲಿ ಲುಕಿಂಗ್ ಗ್ಲಾಸ್ ಸ್ಟುಡಿಯೋಸ್ ತಂದ 'ಥೀಫ್: ದಿ ಡಾರ್ಕ್ ಪ್ರಾಜೆಕ್ಟ್' ಆಟದ ಕಳ್ಳ ಗ್ಯಾರೆಟ್‌ನ ನೀರಿನ ಬಾಣ ಇದು. ತಾಗಿದ ಕೂಡಲೇ ಬೆಂಕಿ ಆರುತ್ತೆ, ಮೂಲೆ ಕತ್ತಲಾಗುತ್ತೆ. ಪರದೆಯ ಕೆಳಗಿರೋ ಹರಳು ಪೂರ್ತಿ ಕಪ್ಪಾದ್ರೆ ನೀವು ಕತ್ತಲಲ್ಲಿ ಮರೆಯಾಗಿದ್ದೀರಿ ಅಂತ ಅರ್ಥ. ಹುಷಾರ್, ವಿದ್ಯುತ್ ದೀಪದ ಮುಂದೆ ಈ ಬಾಣದ ಆಟ ನಡೆಯಲ್ಲ.

ಕತ್ತಲಾದ್ರೆ ಸಾಲದು, ಸದ್ದೂ ಅಡಗಬೇಕು. ಲೋಹದ ನೆಲದ ಮೇಲೆ ಹೆಜ್ಜೆ ಟಕಟಕ ಅನ್ನುತ್ತೆ. ಅಲ್ಲಿಗೆ ಪಾಚಿ ಬಾಣ ಹೊಡೀರಿ, ಮೆತ್ತನೆ ಹಾಸು ಹರಡುತ್ತೆ. ಬಿಲ್ಲನ್ನ ಇಷ್ಟು ಜಾಣತನದಿಂದ ಬಳಸಿದ ಇನ್ನೊಂದು ಆಟವನ್ನ ನಾನಂತೂ ಕಂಡಿಲ್ಲ.

ನನ್ನ ಅಚ್ಚುಮೆಚ್ಚು ಹಗ್ಗದ ಬಾಣ. ಮರದ ತೊಲೆಗೆ ನಾಟಿದ್ರೆ ಹಗ್ಗ ಇಳಿಬೀಳುತ್ತೆ. ಹತ್ತಿ, ಬಾಣ ಕಿತ್ತುಕೊಳ್ಳಿ, ಮುಂದಿನ ತೊಲೆಗೆ ಬೇಕಾಗುತ್ತೆ.