ಕಾಫಿ ಹೌಸಿನ ಗೋಡೆಯೂ ನಮ್ಮ ಹೊಸ ಮನೆಯೂ

ಅಡಿಕೆಗೋ ಕಾಫಿಗೋ ಧಾರಣೆ ಏರಿದ ವರ್ಷ ನಮ್ಮ ಬೆಳೆಗಾರ ಬಂಧುಗಳಲ್ಲಿ ಮೊದಲು ಏಳುವ ಮಾತು ಹೊಸ ಮನೆಯದು. ಹೆಂಚಿನ ಮನೆ ಕೆಡವಿ ತಾರಸಿ ಹಾಕಿಸುವುದೇ ಆಧುನಿಕತೆ ಎಂಬ ಭಾವನೆ ಬೇರೂರಿಬಿಟ್ಟಿದೆ. ಧಾರಣೆ ಇಳಿದರೂ ಸಾಲದ ಕಂತು ಇಳಿಯುವುದಿಲ್ಲವೆಂಬುದು ಸಂಘದ ಲೆಕ್ಕಪುಸ್ತಕ ನೋಡುವವರಿಗೆಲ್ಲ ಗೊತ್ತು. ಆದಕಾರಣ ನಕ್ಷೆ ಬರೆಸುವ ಮುನ್ನ ತಿರುವನಂತಪುರದ ಒಂದು ಕಟ್ಟಡದತ್ತ ಸದಸ್ಯರ ಗಮನ ಸೆಳೆಯಬಯಸುತ್ತೇನೆ.

ಅದು ತಂಪಾನೂರಿನ ಇಂಡಿಯನ್ ಕಾಫಿ ಹೌಸ್. ಕಾಫಿ ಹೌಸ್ ನಮಗೆ ಪರಕೀಯವೇನಲ್ಲ. ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚತೊಡಗಿದಾಗ, ಕೆಲಸ ಕಳೆದುಕೊಂಡ ನೌಕರರು ಎ.ಕೆ. ಗೋಪಾಲನ್ ಅವರ ಪ್ರೇರಣೆಯಿಂದ ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ಮೊದಲನೆಯದು 1957ರಲ್ಲಿ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿಯೇ.

ತಂಪಾನೂರಿನ ಕಟ್ಟಡ ಲಾರಿ ಬೇಕರ್ (1917–2007) ಅವರ ಕೃತಿ. ಇಂಗ್ಲೆಂಡಿನಲ್ಲಿ ಹುಟ್ಟಿ ಭಾರತದಲ್ಲೇ ನೆಲೆನಿಂತ ವಾಸ್ತುಶಿಲ್ಪಿ ಅವರು. ಹತ್ತಿರದಲ್ಲಿ ಸಿಗುವ ಸಾಮಗ್ರಿಯಿಂದಲೇ ಮನೆ ಕಟ್ಟಬೇಕೆಂಬ ಗಾಂಧೀಜಿಯವರ ಮಾತನ್ನು ಜೀವನವಿಡೀ ಪಾಲಿಸಿದವರು. ಕಟ್ಟಡ ದುಂಡಾಗಿದೆ. ಅಂತಸ್ತುಗಳ ಬದಲು ಒಂದೇ ಇಳಿಜಾರು ನೆಲ ಶಂಖದಂತೆ ಸುತ್ತಿ ಮೇಲೇರುತ್ತದೆ. ಮೇಜು, ಬೆಂಚುಗಳು ಗೋಡೆಯ ಪಕ್ಕದಲ್ಲೇ ಗಾರೆಯಿಂದ ಕಟ್ಟಿದವು. ಮರಗೆಲಸದ ಖರ್ಚಿಲ್ಲ. (ನಮ್ಮ ಅಜ್ಜಂದಿರ ಜಗಲಿ ಮತ್ತೇನು?) ಇಟ್ಟಿಗೆಗಳ ನಡುವೆ ಸಾಲಾಗಿ ಬಿಟ್ಟ ಕಿಂಡಿಗಳಿಂದ ಗಾಳಿ ಬೆಳಕು ಬರುತ್ತವೆ. ಕಿಟಕಿಯ ಚೌಕಟ್ಟು, ಗಾಜು, ಸರಳು ಎಲ್ಲವೂ ಉಳಿತಾಯ.

ಇಂಥದೇ ದುಂಡು ಮನೆ ಕಟ್ಟಿ ಎಂದು ನಾನು ಹೇಳುತ್ತಿಲ್ಲ. ತೆಗೆದುಕೊಳ್ಳಬೇಕಾದದ್ದು ಬೇಕರ್ ಅವರ ಎರಡು ಉಪಾಯಗಳನ್ನು.

ಒಂದು ಗೋಡೆಯದು. ಅದಕ್ಕೆ ರ‍್ಯಾಟ್ ಟ್ರ್ಯಾಪ್ ಬಾಂಡ್ ಎಂದು ಹೆಸರು. ಇಟ್ಟಿಗೆಯನ್ನು ಮಲಗಿಸದೆ 3 ಅಂಗುಲದ ಅಂಚಿನ ಮೇಲೆ ನಿಲ್ಲಿಸಿ, ಎರಡು ಸಾಲಿನ ನಡುವೆ ಪೊಳ್ಳು ಬಿಡುತ್ತಾರೆ. ಗೋಡೆ 9 ಅಂಗುಲ ದಪ್ಪವೇ ಇದ್ದರೂ ಇಟ್ಟಿಗೆ ಸುಮಾರು ಕಾಲು ಭಾಗ ಉಳಿಯುತ್ತದೆ. ಪೊಳ್ಳಿನಲ್ಲಿರುವ ಗಾಳಿ ಬಿಸಿಲಿನ ಕಾವನ್ನು ತಡೆಯುತ್ತದೆ. ಆದರೆ ಅಂಚು ಸರಿಯಿಲ್ಲದ ಇಟ್ಟಿಗೆ ಇದಕ್ಕಾಗದು. ಪೊಳ್ಳಿನೊಳಗೆ ಗಾರೆ ಬೀಳದಂತೆ ಕಟ್ಟಬಲ್ಲ ಗಾರೆಯವನೂ ಬೇಕು.

ಇನ್ನೊಂದು ಚಾವಣಿಯದು. ತಾರಸಿಯ ಕೆಳಭಾಗದ ಕಾಂಕ್ರೀಟು ಹೆಚ್ಚು ಭಾರ ಹೊರುವುದಿಲ್ಲ, ಅಲ್ಲಿ ಎಳೆತ ತಾಳುವುದು ಕಬ್ಬಿಣ. ಹಾಗಾಗಿ ಕಬ್ಬಿಣದ ಸರಳುಗಳ ನಡುವೆ ಹಳೆಯ ಮಂಗಳೂರು ಹೆಂಚುಗಳನ್ನಿಟ್ಟು ಮೇಲೆ ಕಾಂಕ್ರೀಟು ಸುರಿಯುತ್ತಾರೆ. ಸಿಮೆಂಟೂ ಉಳಿಯುತ್ತದೆ, ತಾರಸಿಯ ತೂಕವೂ ಇಳಿಯುತ್ತದೆ. ಕೆಳಗಿನಿಂದ ನೋಡಿದರೆ ಹೆಂಚಿನ ಚಿತ್ತಾರವೇ ಅಲಂಕಾರ. ಹಳೆ ಮನೆ ಕೆಡವಿದ ಹೆಂಚನ್ನು ನಾವು ರಸ್ತೆಯ ಗುಂಡಿಗೆ ಸುರಿಯುತ್ತೇವಲ್ಲ! ಆದರೆ ಸರಳಿನ ಅಂತರ, ದಪ್ಪಗಳನ್ನು ಎಂಜಿನಿಯರರೇ ನಿರ್ಧರಿಸಬೇಕು.

ಮಲೆನಾಡಿನ ಮಳೆ ಬೇರೆ ಎಂಬುದನ್ನು ಮರೆಯಬಾರದು. ಗಿಲಾವು ಇಲ್ಲದ ಇಟ್ಟಿಗೆ ಗೋಡೆಗೆ ಮೂರು ಅಡಿಯಾದರೂ ಚಾಚಿದ ಸೂರು ಬೇಕೆಂಬುದು ನನ್ನ ಅಭಿಪ್ರಾಯ. ತಾರಸಿಯ ಮೇಲೆ ಇಳಿಜಾರು ಹೆಂಚಿನ ಮಾಡು ಇದ್ದರೆ ಇನ್ನೂ ಕ್ಷೇಮ. ಕಿಂಡಿಗೋಡೆ ಜಗಲಿಗೆ, ಊಟದ ಮನೆಗೆ ಒಪ್ಪುತ್ತದೆ. ಅಡಿಕೆ, ಕಾಫಿ ದಾಸ್ತಾನಿನ ಕೋಣೆಗೆ ಖಂಡಿತ ಬೇಡ, ಆಷಾಢದ ತೇವ ಒಳನುಗ್ಗಿ ಮಾಲಿಗೆ ಬೂಷ್ಟು ಹಿಡಿದೀತು. ಈ ಬಗೆಯ ಗೋಡೆಯನ್ನು ಮೊದಲು ಪಂಪ್‌ಸೆಟ್ಟಿನ ಮನೆಗೋ ಕೊಟ್ಟಿಗೆಗೋ ಕಟ್ಟಿಸಿ, ಒಂದು ಮಳೆಗಾಲ ಕಳೆದ ಮೇಲೆ ವಾಸದ ಮನೆಗೆ ಕೈಹಾಕುವುದು ಒಳ್ಳೆಯದು.