ಉಂಗುರದಲ್ಲಿ ಹಾಯುವ ಶಾಲು

ಪಾಸ್ಖ ಹಬ್ಬ ಮುಗಿಯಿತೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ವಿವಾಹಗಳ ಸುಗ್ಗಿ. ಉಡುಗೊರೆ ಏನು ಕೊಡುವುದೆಂಬ ಪ್ರಶ್ನೆಗೆ ಈಗ ಬಹುತೇಕ ಮನೆಗಳಲ್ಲಿ ಒಂದೇ ಉತ್ತರ: ಲಕೋಟೆ. ನಾವೂ ಅನೇಕ ವರ್ಷ ಹಾಗೆಯೇ ಮಾಡಿದವರು. ಈ ಬಾರಿ ಮದುವೆಯಾಗಿ ಕೊಡಗಿಗೆ ಹೋಗುವ ಸೋದರ ಸೊಸೆಗೆ ಉಣ್ಣೆಯ ಲೇಸು ಶಾಲೊಂದನ್ನು ಕೈಯಾರೆ ಹೆಣೆದುಕೊಡಲು ನಿಶ್ಚಯಿಸಿದ್ದಕ್ಕೆ ಹಳೆಯ ಋಣವೊಂದು ಕಾರಣ.

ನಮ್ಮ ವಿವಾಹಕ್ಕೆ ಚಿಕ್ಕಮ್ಮ ಅಂತಹದೇ ಶಾಲನ್ನು ಹೆಣೆದು ಕೊಟ್ಟಿದ್ದರು. ಎಳವೆಯಲ್ಲಿ ಕಾನ್ವೆಂಟಿನ ಸಿಸ್ಟರುಗಳಿಂದ ಕಲಿತ ವಿದ್ಯೆ ಅವರದು. ಚಿಕ್ಕಮಗಳೂರಿನ ಮಳೆಗಾಲಕ್ಕೆ ಬೇಕಾದೀತೆಂಬುದು ಅವರ ಲೆಕ್ಕ. “ಇಷ್ಟು ತೂತುಗಳಿರುವ ಶಾಲು ಚಳಿಯನ್ನು ತಡೆದೀತೆ ಚಿಕ್ಕಮ್ಮಾ?” ಎಂದು ನಾವು ನಕ್ಕೆವು. “ಆ ತೂತುಗಳಲ್ಲಿಯೇ ಬಿಸಿ ನಿಲ್ಲುವುದು ಮಗೂ” ಎಂದರು. ಮಾತು ನಿಜವೇ, ನೂಲಿನ ನಡುವೆ ಸಿಕ್ಕಿಕೊಂಡ ಗಾಳಿಯೇ ಮೈಯ ಶಾಖವನ್ನು ಹಿಡಿದಿಡುತ್ತದೆ. ಆದರೆ ಅಂದು ನಮ್ಮ ಕಣ್ಣಿಗೆ ಸ್ಟೀಲಿನ ಪಾತ್ರೆಗಳೇ ದೊಡ್ಡ ಉಡುಗೊರೆಯಾಗಿ ಕಂಡಿದ್ದವು. ಶಾಲು ಕಪಾಟು ಸೇರಿತು. ‘ಹೊದೆಯುತ್ತೀಯಾ?’ ಎಂದು ಅವರು ಪತ್ರದಲ್ಲಿ ಕೇಳಿದಾಗ ಹೌದೆಂದು ಬರೆದೆವು. ಅವರು ಪ್ರಭುವಿನಲ್ಲಿ ನಿದ್ರಿಸಿದ ಮೇಲೆ ಬಿಚ್ಚಿ ನೋಡಿದರೆ, ನುಸಿ ತಿಂದ ತೂತು ಯಾವುದು, ಚಿಕ್ಕಮ್ಮ ಹೆಣೆದ ತೂತು ಯಾವುದು ಎಂದು ತಿಳಿಯದಾಯಿತು.

ಕಡ್ಡಿ ಹಿಡಿದ ಮೇಲಷ್ಟೇ ಆ ಶ್ರಮದ ಅರಿವಾದದ್ದು. ನೂಲನ್ನು ಕಡ್ಡಿಗೆ ಒಮ್ಮೆ ಸುತ್ತಿದರೆ ಒಂದು ತೂತು, ಜೊತೆಗೆ ಒಂದು ಹೆಚ್ಚಿನ ಕುಣಿಕೆ. ಆ ಹೆಚ್ಚಳವನ್ನು ಸರಿದೂಗಿಸಲು ಬೇರೆಡೆ ಎರಡು ಕುಣಿಕೆಗಳನ್ನು ಒಂದಾಗಿಸಬೇಕು. ಒಂದನ್ನು ಮರೆತರೂ ಹತ್ತು ಸಾಲುಗಳ ಅನಂತರ ಇಡೀ ಬಳ್ಳಿ ವಾಲಿರುತ್ತದೆ. ಸಂಜೆಯ ಜಪಮಾಲೆ ಮುಗಿಸಿ ಕುಳಿತರೆ ಕೆಲವು ದಿನ ಹೆಣೆದದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು. ಕೊನೆಗೆ ಅನುಭವಸ್ಥರೊಬ್ಬರು ಉಪಾಯ ಹೇಳಿಕೊಟ್ಟರು: ಇಪ್ಪತ್ತು ಸಾಲುಗಳಿಗೊಮ್ಮೆ ಬಣ್ಣದ ಹತ್ತಿದಾರವೊಂದನ್ನು ಎಲ್ಲ ಕುಣಿಕೆಗಳ ಮೂಲಕ ಹಾಯಿಸಿಟ್ಟರೆ, ತಪ್ಪಾದಾಗ ಅಲ್ಲಿಯವರೆಗೆ ಬಿಚ್ಚಿದರೆ ಸಾಕು.

ಈ ಕಲೆಯ ಪರಾಕಾಷ್ಠೆ ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳಲ್ಲಿ, ಅದರಲ್ಲೂ ಉನ್ಸ್ಟ್ ಎಂಬ ದ್ವೀಪದಲ್ಲಿ. ಕುರಿಯ ಕತ್ತಿನ ಮೃದುವಾದ ಉಣ್ಣೆಯನ್ನು ಕೈಯಿಂದಲೇ ನೂತು ಅಲ್ಲಿನ ಸ್ತ್ರೀಯರು ಹೆಣೆದ ಶಾಲುಗಳು ಆರಡಿ ಚೌಕವಿದ್ದರೂ ಮದುವೆಯ ಉಂಗುರದೊಳಗೆ ಹಾಯುತ್ತಿದ್ದವು. ಆದುದರಿಂದಲೇ ‘ಮದುವೆ ಉಂಗುರದ ಶಾಲು’ ಎಂಬ ಹೆಸರು. ಶ್ರೀಮಂತರ ಹೆಗಲನ್ನು ಅಲಂಕರಿಸಿದ ಈ ಶಾಲುಗಳಿಗೆ ಹೆಣೆದವರು ಪಡೆದುದೇನು? ವರ್ತಕರು ಹಣದ ಬದಲು ಅಂಗಡಿಯ ಚಹಾ, ಬಟ್ಟೆಗಳನ್ನೇ ಕೊಡುತ್ತಿದ್ದ ಪದ್ಧತಿಯ ಬಗ್ಗೆ ಸರಕಾರಿ ಆಯೋಗವೊಂದು 1872ರಲ್ಲಿ ವರದಿ ನೀಡಿತು.

ಇದನ್ನು ಓದಿದಾಗ ನಮಗೆ ತೋಬಿತನ ಗ್ರಂಥದ ಅನ್ನಳ ನೆನಪಾಯಿತು. ಆ ಗ್ರಂಥದಿಂದ ನಮ್ಮ ವಿವಾಹ ಪೂಜೆಗಳಲ್ಲಿ ತೋಬಿಯ ಮತ್ತು ಸಾರಳ ಪ್ರಾರ್ಥನೆಯನ್ನು ಓದುವುದುಂಟು. ತೋಬಿಯನ ತಾಯಿಯನ್ನು ನೆನೆಯುವವರು ಕಡಿಮೆ. ಕುರುಡನಾದ ಪತಿಯನ್ನು ನೇಯ್ಗೆಯಿಂದ ಸಾಕಿದವಳು ಆಕೆ. ಧಣಿಗಳು ಮೆಚ್ಚಿ ಕೂಲಿಯ ಮೇಲೆ ಒಂದು ಆಡಿನ ಮರಿಯನ್ನು ಕೊಟ್ಟರೆ, ಅದನ್ನು ಕದ್ದು ತಂದೆಯೆಂದು ಪತಿಯೇ ಆಕ್ಷೇಪಿಸಿದ. ಮನೆಯವರೇ ನಂಬದಿದ್ದ ಆಕೆಯ ದುಡಿಮೆಯನ್ನು ಓದುವಾಗ, ನಾವು ಬರೆದ ಆ ಸುಳ್ಳು ಪತ್ರ ಮನಸ್ಸನ್ನು ಚುಚ್ಚಿತು.

ನಾಲ್ಕು ತಿಂಗಳ ಬಳಿಕ ಕಡ್ಡಿಯಿಂದಿಳಿದ ಶಾಲು ಹಿಂಡಿದ ಅಡುಗೆಮನೆ ಬಟ್ಟೆಯಂತಿತ್ತು. ಯಜಮಾನರು “ಇದೇನಾ?” ಎಂದರು. ಉಗುರುಬೆಚ್ಚನೆಯ ನೀರಿನಲ್ಲಿ ನೆನೆಸಿ, ಟವೆಲಿನಲ್ಲಿ ಸುತ್ತಿ ಒತ್ತಿ, ಹಾಸಿಗೆಯ ಮೇಲೆ ಎಳೆದು ಅಂಚಿನುದ್ದಕ್ಕೂ ಗುಂಡುಸೂಜಿ ಚುಚ್ಚಿದೆವು. ಆ ರಾತ್ರಿ ಇಬ್ಬರೂ ಚಾಪೆಯ ಮೇಲೆ ಮಲಗಿದೆವು. ಬೆಳಿಗ್ಗೆ ಸೂಜಿ ಕಿತ್ತಾಗ ಎಲೆ, ಬಳ್ಳಿ, ಅಲೆ ಎಲ್ಲವೂ ಅರಳಿ ನಿಂತಿದ್ದವು. ಆಸೆ ತಡೆಯದೆ ಕೈಯ ಉಂಗುರ ತೆಗೆದು ಹಾಯಿಸಲು ನೋಡಿದೆವು. ನಮ್ಮ ನೂಲು ದಪ್ಪ, ಅರ್ಧದಲ್ಲಿಯೇ ನಿಂತಿತು. ಕಪಾಟಿನಿಂದ ಚಿಕ್ಕಮ್ಮನ ಶಾಲನ್ನು ತಂದೆವು. ಅದು ತುದಿಯಿಂದ ತುದಿಗೆ ಹಾಯಿತು.

ಸೊಸೆಯ ಪೊಟ್ಟಣದೊಳಗೆ ಒಂದು ಚೀಟಿ ಬರೆದಿಟ್ಟಿದ್ದೇವೆ: ಬಿಸಿ ನೀರಿಗೆ ಹಾಕಬೇಡ, ಗಳದ ಮೇಲೆ ಜೋತುಹಾಕಬೇಡ, ಪೆಟ್ಟಿಗೆಯಲ್ಲಿ ಇಡಬೇಡ. ಹೊದೆದು ಹರಿದರೆ ತೆಗೆದುಕೊಂಡು ಬಾ.